ಒಂದು ಕಡ್ಡಿಯ ತುಕ್ಕು

ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. 1923ರಲ್ಲೇ ಕಬ್ಬಿಣದ ಕಾರ್ಖಾನೆ ಕಂಡ ಊರು ನಮ್ಮದು. ಅಪ್ಪ ಅಲ್ಲಿಯೇ ದುಡಿದವರು. ಮಳೆಗಾಲದಲ್ಲಿ ಶಿಫ್ಟು ಮುಗಿಸಿ ಬಂದರೆ ಮೊದಲು ಸೈಕಲ್ಲನ್ನು ಒರಸಿ, ಚೈನಿಗೆ ಎಣ್ಣೆ ಬಿಟ್ಟು, ಆಮೇಲೆ ತಮ್ಮ ತಲೆ ಒರಸಿಕೊಳ್ಳುತ್ತಿದ್ದರು. "ಕಬ್ಬಿಣಕ್ಕೆ ನೀರು ತಾಗೋದು ತಪ್ಪಲ್ಲ, ನಿಲ್ಲೋದು ತಪ್ಪು" ಎನ್ನುತ್ತಿದ್ದರು. ಅಮ್ಮನೂ ಅಷ್ಟೆ. ದೋಸೆ ಕಾವಲಿ ತೊಳೆದರೆ ಒಲೆಯ ಮೇಲಿಟ್ಟು ನೀರಾರಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿ ಗೋಡೆಗೆ ಒರಗಿಸುತ್ತಿದ್ದಳು. ಈಳಿಗೆಮಣೆಯ ಅಲಗಿಗೂ ಒಂದು ತೊಟ್ಟು ಎಣ್ಣೆ ತಪ್ಪುತ್ತಿರಲಿಲ್ಲ.

ಇಂಥ ಮನೆಯಿಂದ ಬಂದ ನಾನು ಮಗನ ಮನೆಯ ಯಂತ್ರಕ್ಕೆ ತುಕ್ಕು ಹಿಡಿಸಿ ಬಂದೆ ಎಂದರೆ ನಿಮಗೆ ನಗು ಬಂದೀತು. ನಗಿ, ಆದರೆ ಪೂರ್ತಿ ಕೇಳಿ.

ಮಗ, ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಕೆಲಸದಾಕೆ ಬರುವಂತಿರಲಿಲ್ಲ. ಆಗ ಡಿಶ್‌ವಾಷರ್ ತಂದರು. ಆಕೆ ಮರಳಿ ಬಂದ ಮೇಲೂ ಯಂತ್ರ ಉಳಿಯಿತು. ಈಗ ಆಕೆ ಗುಡಿಸಿ, ಒರಸಿ, ಪಾತ್ರೆಗಳನ್ನು ಅದರೊಳಗೆ ಜೋಡಿಸಿ, ತೊಳೆದದ್ದನ್ನು ತೆಗೆದಿಟ್ಟು ಹೋಗುತ್ತಾಳೆ.

2024ರ ಬೇಸಿಗೆ ರಜೆಯಲ್ಲಿ ಹೋದಾಗ ಒಂದು ರಾತ್ರಿ ನಾನೇ ಜೋಡಿಸಲು ಹೊರಟೆ. ಒಳಗೆ ತಂತಿಯ ರ‍್ಯಾಕು, ಅದರಲ್ಲಿ ತಟ್ಟೆ ನಿಲ್ಲಿಸಲು ಸಾಲುಸಾಲು ಕಡ್ಡಿಗಳು. ಎಲ್ಲ ತುಂಬಿದ ಮೇಲೂ ಕುಕ್ಕರು ಉಳಿಯಿತು. ಅದೊಂದನ್ನು ಯಾಕೆ ಬಿಡುವುದು ಎಂದು ಬಲವಾಗಿ ಒತ್ತಿದೆ. "ಕಟ್" ಎಂದಿತು. ಬಗ್ಗಿ ನೋಡಿದರೆ ಒಂದು ಕಡ್ಡಿಯ ತುದಿಯಲ್ಲಿ ಮೇಲಿನ ಬಿಳಿ ಹೊದಿಕೆ ಎಳ್ಳಿನಷ್ಟು ಹಾರಿತ್ತು. ಇಷ್ಟಕ್ಕೆ ಏನಾಗುತ್ತದೆ ಎಂದು ಬಾಗಿಲು ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ದಸರಾ ರಜೆಗೆ ಹೋದಾಗ ಅಡುಗೆಮನೆಯಲ್ಲಿ ಪಂಚಾಯಿತಿ ನಡೆದಿತ್ತು. ಸೊಸೆಯ ಕೈಯಲ್ಲಿ ಕಂದು ಕಲೆಯ ಬಿಳಿ ತಟ್ಟೆ. ರ‍್ಯಾಕಿನ ಆ ಕಡ್ಡಿ ತುದಿಯಿಂದ ಅರ್ಧ ಬೆರಳುದ್ದ ಕೆಂಪಾಗಿ ಉಬ್ಬಿತ್ತು.

"ಎಷ್ಟು ಸಲ ಹೇಳಿದೀನಿ ಅತ್ತೆ, ತುರುಕಬೇಡ ಅಂತ! ಹೊಸ ರ‍್ಯಾಕಿನ ದುಡ್ಡು ಸಂಬಳದಲ್ಲಿ ಹಿಡಿದರೇನೇ ಇವಳಿಗೆ ಬುದ್ಧಿ ಬರೋದು" ಎಂದಳು ಸೊಸೆ.

ಕೆಲಸದಾಕೆ ಸೆರಗಿಗೆ ಕೈ ಒರಸಿಕೊಳ್ಳುತ್ತಾ, "ನಾನಲ್ಲ ಅಕ್ಕಾ" ಎಂದಳು. ಅಷ್ಟೆ.

ನಾನು ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತು, "ಯಾರು ಮಾಡಿದ್ದು? ಎದ್ದು ನಿಲ್ಲಿ. ಒಪ್ಪಿಕೊಂಡರೆ ಏನೂ ಮಾಡೋದಿಲ್ಲ" ಎಂದವಳು ನಾನು. ಎದ್ದು ನಿಲ್ಲುವುದು ಇಷ್ಟು ಕಷ್ಟ ಎಂದು ಐವತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಸೊಸೆಯ ಎದುರು ನನ್ನ ಹಿರಿತನಕ್ಕೆ ಬೀಳುವ ಪೆಟ್ಟು ದೊಡ್ಡದೋ, ಆಕೆಯ ಸಂಬಳಕ್ಕೆ ಬೀಳುವ ಪೆಟ್ಟು ದೊಡ್ಡದೋ? ಲೆಕ್ಕ ಕಷ್ಟದ್ದೇನಲ್ಲ.

ಬೆಳಿಗ್ಗೆ ಆಕೆ ಬಂದ ಮೇಲೆಯೇ, ಇಬ್ಬರ ಮುಂದೆ ಹೇಳಿದೆ. "ಅದು ನನ್ನ ಕೆಲಸ. ಬೇಸಿಗೆಯಲ್ಲಿ ಕುಕ್ಕರು ತುರುಕಿದವಳು ನಾನು."

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಲಸದಾಕೆಯ ಕಡೆ ತಿರುಗಿ, "ತಪ್ಪಾಯ್ತು, ನಿನ್ನೆ ಹಾಗೆ ಅನ್ನಬಾರದಿತ್ತು" ಎಂದಳು.

ಆಕೆ ನನ್ನನ್ನು ನೋಡಿ ಹೇಳಿದಳು: "ನಂಗೆ ಅವತ್ತೇ ಗೊತ್ತಿತ್ತಮ್ಮ. ಬೆಳಿಗ್ಗೆ ಕುಕ್ಕರು ತೆಗೆಯೋಕೆ ಹೋದ್ರೆ ಸಿಕ್ಕಾಕ್ಕೊಂಡಿತ್ತು. ಹೇಳಿದ್ರೆ ಯಾರು ನಂಬ್ತಾರೆ?"

ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರವಿಲ್ಲದಾಗ ಕೈಗೆ ಕೆಲಸ ಕೊಡುವುದು ಒಳ್ಳೆಯದು. ರ‍್ಯಾಕನ್ನು ಹೊರಗೆಳೆದು ಮೂವರೂ ಬಾಲ್ಕನಿಯಲ್ಲಿ ಕುಳಿತೆವು. ನಿಮ್ಮ ಮನೆಯಲ್ಲೂ ಈ ಯಂತ್ರವಿದ್ದರೆ ಉಪಯೋಗವಾದೀತು, ಕೇಳಿ. ರ‍್ಯಾಕಿನ ಒಳಗಿರುವುದು ಉಕ್ಕಿನ ತಂತಿ, ಮೇಲಿರುವುದು ಪ್ಲಾಸ್ಟಿಕ್ಕಿನಂಥ ಹೊದಿಕೆ. ಹೊದಿಕೆ ಬಿರಿದಲ್ಲಿ ನೀರೂ ಗಾಳಿಯೂ ಸೇರಿ ತುಕ್ಕಾಗುತ್ತದೆ, ಹೊದಿಕೆಯ ಅಡಿಯಲ್ಲೇ ಹರಿದು ಮುಂದಕ್ಕೆ ಹೋಗುತ್ತದೆ. ಪಾತ್ರೆಯ ಮೇಲೆ ಬಿಳಿ ಪೊರೆ ಕಂಡರೆ ಅದು ಗಡಸು ನೀರಿನದು. ಕೆಂಪು ಕಂಡರೆ ಎಲ್ಲೋ ಕಬ್ಬಿಣ ಅಳುತ್ತಿದೆ ಎಂದೇ ಅರ್ಥ.

ಸಡಿಲವಾದ ಹೊದಿಕೆಯನ್ನು ಕಿತ್ತು, ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದೆವು. ಉಳಿದ ಕಲೆಗೆ ನಿಂಬೆರಸ ಹಚ್ಚಿ, ತೊಳೆದು, ಒರಸಿ, ಬಿಸಿಲಿಗಿಟ್ಟೆವು. ಒಳಗೆ ತೇವವಿಟ್ಟು ಮೇಲೆ ಬಣ್ಣ ಬಳಿದರೆ ತುಕ್ಕನ್ನು ಬಚ್ಚಿಟ್ಟಂತೆ ಅಷ್ಟೆ. ಈ ರ‍್ಯಾಕುಗಳಿಗೆಂದೇ ಸಿಗುವ ಬಣ್ಣವನ್ನು ಮಗ ತರಿಸಿದ. ಉಗುರುಬಣ್ಣದಂತೆ ಪುಟ್ಟ ಕುಂಚವಿರುವ ಶೀಸೆ. ಕಿಟಕಿ ಸರಳಿಗೆ ಬಳಿಯುವ ಬಣ್ಣ ಇಲ್ಲಿ ಕೂಡದು, ಉಣ್ಣುವ ತಟ್ಟೆ ತಾಗುವ ಜಾಗವಿದು. ಒಂದು ಸಲ ಹಚ್ಚಿ, ಆರಿದ ಮೇಲೆ ಇನ್ನೊಂದು ಸಲ ಹಚ್ಚಿ, ಶೀಸೆಯ ಮೇಲೆ ಹೇಳಿದಷ್ಟು ಹೊತ್ತು ಪೂರ್ತಿ ಒಣಗಲು ಬಿಟ್ಟು, ತುದಿಗೆ ರಬ್ಬರಿನ ಟೋಪಿ ತೊಡಿಸಿದೆವು. ತಂತಿಯೇ ಸವೆದು ತೆಳ್ಳಗಾಗಿದ್ದರೆ ಮಾತ್ರ ಹೊಸ ರ‍್ಯಾಕೇ ಗತಿ.

ಬಾರದಂತೆ ತಡೆಯುವುದು ಇನ್ನೂ ಸುಲಭ. ಭಾರದ ಪಾತ್ರೆ ತುರುಕಬಾರದು. ತೊಳೆದಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಹಬೆ ಹೋಗಲು ಬಿಡಬೇಕು. ಗಡಸು ನೀರಿಗೆಂದು ಹಾಕುವ ಉಪ್ಪು ಚೆಲ್ಲಿದರೆ ಕೂಡಲೇ ಒರಸಿ, ಒಂದು ಸಲ ಯಂತ್ರ ಓಡಿಸಬೇಕು. ಉಪ್ಪು ತುಕ್ಕಿನ ಆಪ್ತ ಗೆಳೆಯ. ಕಬ್ಬಿಣದ ಕಾವಲಿಯನ್ನಂತೂ ಒಳಗಿಡಲೇಬಾರದು. ವರ್ಷಗಟ್ಟಲೆ ಕುಡಿದ ಎಣ್ಣೆಯನ್ನು ಆ ಬಿಸಿನೀರು, ಖಾರದ ಪುಡಿ ಎಳೆದುಹಾಕುತ್ತವೆ. ಕಾವಲಿಯೂ ತುಕ್ಕು, ಪಕ್ಕದ ತಟ್ಟೆಗೂ ಕಲೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ಮೊದಲು ನೋಡಿದ್ದು ಆ ಕಡ್ಡಿಯನ್ನೇ. ಬೆಳ್ಳಗಿತ್ತು. ಆಕೆಯ ಸಂಬಳವೂ ಪೂರ್ತಿ ಬಂದಿತ್ತು. ಆದರೆ ಅಂದು ಆಕೆ ಕೇಳಿದ ಪ್ರಶ್ನೆ ಮಾತ್ರ ನನ್ನೊಡನೆ ಶಾಲೆಗೂ ಬಂದಿದೆ. ಈಗಲೂ ಕಿಟಕಿಯ ಗಾಜು ಒಡೆದರೆ "ಯಾರು ಮಾಡಿದ್ದು?" ಎನ್ನುತ್ತೇನೆ. ಇಡೀ ತರಗತಿಯ ಕಣ್ಣು ಎಂದಿನಂತೆ ಕೊನೆಯ ಬೆಂಚಿನ ಒಬ್ಬನ ಕಡೆ ತಿರುಗುತ್ತದೆ. ಅವನು ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೊರಡುತ್ತಾನೆ. "ನೀನು ಕೂತ್ಕೋ ಮರಿ" ಎಂದು ಮೊದಲು ಅವನನ್ನು ಕೂರಿಸುತ್ತೇನೆ. ಆಮೇಲೆ ಕಾಯುತ್ತೇನೆ.