ನಮ್ಮ ಲ್ಯಾಬಿಗೆ ಲಿನಕ್ಸ್ ಬಂದ ಕಥೆ

2025ರ ಡಿಸೆಂಬರ್ 13, ಶನಿವಾರ, ಸಂಘದ ಕೂಟಕ್ಕೆ ಐವತ್ತು ಜನಕ್ಕಾಗುವಷ್ಟು ಕೋಸಂಬರಿ ಮಾಡಿ ತರುತ್ತೇವೆಂದು ಒಪ್ಪಿಕೊಂಡಿದ್ದವರು ನಾವು. ಹಿಂದಿನ ರಾತ್ರಿ ಹೆಸರುಬೇಳೆ ಅಳೆದು ಇಟ್ಟೂ ಆಗಿತ್ತು. ಆದರೆ ಅಂದು ಕೋಸಂಬರಿಯೂ ಬರಲಿಲ್ಲ, ನಾವೂ ಬರಲಿಲ್ಲ, ಫೋನ್ ಮಾಡಿದವರಿಗೆ ಉತ್ತರವೂ ಸಿಗಲಿಲ್ಲ. ಮುಂದಿನ ವಾರ ಸಿಟಿ ಪಾರ್ಕ್ ಮಾರುಕಟ್ಟೆಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಎದುರಾದ ಹಿರಿಯರೊಬ್ಬರು, "ಏನಮ್ಮಾ, ಮನೆಯಲ್ಲಿ ಎಲ್ಲಾ ಕ್ಷೇಮ ತಾನೆ?" ಎಂದು ಗಾಬರಿಯಿಂದಲೇ ಕೇಳಿದರು. "ಲ್ಯಾಬಿನ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕುತ್ತಿದ್ದೆವು" ಎಂದೆವು. ಅದು ಯಾವುದೋ ಹೊಸ ಲಸಿಕೆ ಇರಬೇಕೆಂದು ಅವರು ಭಾವಿಸಿದಂತೆ ಕಂಡಿತು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಮಜಾಯಿಷಿ ಹೇಳುವುದಕ್ಕಿಂತ, ಎಲ್ಲರೂ ಓದುವ ಈ ಪುಟಗಳಲ್ಲೇ ತಪ್ಪೊಪ್ಪಿಕೊಂಡುಬಿಡುವುದು ಮೇಲೆಂದು ಬರೆಯಲು ಕುಳಿತಿದ್ದೇವೆ.

ಹೈರಿಡ್ಜಿನಲ್ಲಿ ಮನೆಗಳ ಸಾಲಿನ ನಡುವೆಯೇ ಇರುವ ನಮ್ಮ ಪ್ರಯೋಗಾಲಯ ಚಿಕ್ಕದು. ಕೆಲಸ ಮಾಡುವವರು ನಾವು, ಇಬ್ಬರು ಹುಡುಗರು, ಮತ್ತು ಎಲ್ಲರೂ 'ಮ್ಜೇ' ಎಂದು ಕರೆಯುವ ಹಿರಿಯ ಸಹಾಯಕರು. ಸ್ವಾಹಿಲಿಯಲ್ಲಿ ಮ್ಜೇ ಎಂದರೆ ವಯಸ್ಸಿನಲ್ಲಿ ದೊಡ್ಡವರು, ಗೌರವಸ್ಥರು. ನಮ್ಮ ಕಡೆ 'ಹಿರೀಕರು' ಎನ್ನುತ್ತೇವಲ್ಲ, ಹಾಗೆ. ಅವರು ನಮ್ಮನ್ನು ಕರೆಯುವುದು 'ದಕ್ತಾರಿ' ಎಂದು. ಡಾಕ್ಟರೇಟ್ ಪಡೆದವರಿಗೂ ಮದ್ದು ಕೊಡುವವರಿಗೂ ಇಲ್ಲಿ ಅದೇ ಪದ.

ನಾವು ಪರೀಕ್ಷಿಸುವುದು ನೀರನ್ನು, ಅದರಲ್ಲೂ ಮುಖ್ಯವಾಗಿ ಅದರಲ್ಲಿರುವ ಫ್ಲೋರೈಡನ್ನು. ರಿಫ್ಟ್ ಕಣಿವೆಯಲ್ಲಿ ಜ್ವಾಲಾಮುಖಿ ಶಿಲೆಗಳ ನಡುವೆ ಹಾದು ಬರುವ ಅಂತರ್ಜಲದಲ್ಲಿ ಅದು ಹೇರಳ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳೇ ಬಿಗಿದುಕೊಳ್ಳುತ್ತವೆ. ನಮ್ಮ ಊರು ಪಾವಗಡ ತಾಲ್ಲೂಕಿನಲ್ಲಿ. ಅಲ್ಲಿಯ ಬೋರ್‌ವೆಲ್ಲುಗಳಲ್ಲೂ ಇದೇ ಫ್ಲೋರೈಡು. ನಮ್ಮ ಅಜ್ಜಿ ಕೊನೆಗಾಲದಲ್ಲಿ ನೆಲದ ಮೇಲೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕಾಗಿತ್ತು. ವಯಸ್ಸಾಯಿತಲ್ಲ ಎಂದೇ ಮನೆಯವರೆಲ್ಲ ಅಂದುಕೊಂಡಿದ್ದರು. ರಸಾಯನಶಾಸ್ತ್ರ ಓದಿದ ಮೇಲೆ, ಅದರಲ್ಲಿ ನೀರಿನ ಪಾಲೂ ಇದ್ದಿರಬೇಕೆಂದು ನಮಗೆ ಹೊಳೆಯಿತು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಇಷ್ಟನ್ನು ಏಕೆ ಹೇಳಿದೆವೆಂದರೆ, ನಮ್ಮ ಕಂಪ್ಯೂಟರುಗಳಲ್ಲಿದ್ದ ಅಂಕಿಗಳು ನಮಗೆ ಬರೀ ಅಂಕಿಗಳಾಗಿರಲಿಲ್ಲ.

ಈಗ ಲಿನಕ್ಸಿನ ವಿಚಾರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ನಮ್ಮ ಯಂತ್ರಗಳೋ ಎಂಟು ಹತ್ತು ವರ್ಷದವು. ಮುಂದಿನ ವಿಂಡೋಸ್ 11 ಅವುಗಳನ್ನು ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಹನ್ನೆರಡು ಹೊಸ ಕಂಪ್ಯೂಟರು ಕೊಳ್ಳುವ ಶಕ್ತಿ ಲ್ಯಾಬಿಗಿಲ್ಲ. ಲಿನಕ್ಸ್ ಎಂಬುದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ ತಿರುಳು. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಅದರ ಸುತ್ತ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ ಕೊಡುವ ಬಳಗಗಳು ಹಲವಾರಿವೆ. ನಾವು ಆರಿಸಿಕೊಂಡದ್ದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತ ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರದು. ಪ್ರಪಂಚದ ಎಲ್ಲೆಡೆಯ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಸಂಬಳವಿಲ್ಲ, ಜಗಳವುಂಟು, ಆದರೂ ಕೆಲಸ ನಡೆಯುತ್ತದೆ. ಸಂಘ ನಡೆಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂದೊಂದೇ ಯಂತ್ರಕ್ಕೆ ಪೆನ್ ಡ್ರೈವ್ ಚುಚ್ಚಿ, ಭಾಷೆ ಯಾವುದು, ಗಡಿಯಾರ ಯಾವ ಊರಿನದು ಎಂಬ ಅವೇ ಪ್ರಶ್ನೆಗಳಿಗೆ ಮತ್ತೆ ಮತ್ತೆ ಉತ್ತರ ಕೊಡುವುದು ಬೇಸರದ ಕೆಲಸ. ಅದಕ್ಕೆ ಬದಲು ಜಾಲದ ಮೂಲಕವೇ ಹಾಕುವ ಉಪಾಯವೊಂದಿದೆ. ಪಿಎಕ್ಸ್‌ಇ ಎಂಬ ಆ ಏರ್ಪಾಟನ್ನು ಇಂಟೆಲ್ ಕಂಪೆನಿ 1990ರ ದಶಕದ ಕೊನೆಯಲ್ಲಿ ರೂಪಿಸಿತು. ಮದುವೆಮನೆಯ ಊಟವನ್ನು ನೆನೆದರೆ ಅದು ಸುಲಭವಾಗಿ ಅರ್ಥವಾಗುತ್ತದೆ. ಗುಂಡಿ ಒತ್ತಿದೊಡನೆ ಖಾಲಿ ಕಂಪ್ಯೂಟರು, ಊರಿಗೆ ಹೊಸಬನಾದ ಅತಿಥಿಯಂತೆ, "ನಾನು ಬಂದಿದ್ದೇನೆ, ಎಲ್ಲಿ ಕೂರಲಿ?" ಎಂದು ಜಾಲದೊಳಗೆ ಕೂಗು ಹಾಕುತ್ತದೆ. ಮೇಲ್ವಿಚಾರಕನಂತಿರುವ ಒಂದು ಯಂತ್ರ, "ಇಗೋ ನಿನ್ನ ಎಲೆಯ ಸಂಖ್ಯೆ, ಬಡಿಸುವವರು ಆ ಕಡೆ ಇದ್ದಾರೆ" ಎಂದು ವಿಳಾಸ ಕೊಡುತ್ತದೆ. ಮೊದಲು ಎಲೆಯ ತುದಿಗೆ ಉಪ್ಪು, ಪಲ್ಯದಂತೆ ಚಿಕ್ಕದೊಂದು ತಿರುಳು ಬರುತ್ತದೆ. ಅದನ್ನು ಉಂಡು ಕಣ್ಣು ಬಿಟ್ಟ ಮೇಲೆ ಅನ್ನ, ಸಾರು, ಪಾಯಸವೆಲ್ಲ ಸಾಲಾಗಿ ಬಂದು ಬೀಳುತ್ತವೆ. ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟರೆ, ಪ್ರತಿ ಯಂತ್ರವೂ ಅದನ್ನೇ ನಕಲು ಹೊಡೆದು ತೇರ್ಗಡೆಯಾಗುತ್ತದೆ. ಮನುಷ್ಯರ ಅಗತ್ಯವೇ ಇಲ್ಲ.

ಡಿಸೆಂಬರ್ 12 ಜಮ್ಹೂರಿ ದಿನ. 2025ರಲ್ಲಿ ಅದು ಶುಕ್ರವಾರ ಬಂದುದರಿಂದ ಮೂರು ದಿನ ಲ್ಯಾಬಿಗೆ ರಜೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು ಬೆಳಿಗ್ಗೆಯೇ ಹೋಗಿ ಕೂತೆವು. ಹಳೆಯ ಯಂತ್ರವೊಂದನ್ನು ಮೇಲ್ವಿಚಾರಕನನ್ನಾಗಿ ಮಾಡಿ, ಬೇಕಾದ ತಂತ್ರಾಂಶವೆಲ್ಲ ಹೊರಗಿನಿಂದ ಒಂದೇ ಸಲ ಇಳಿದು ಅದರಲ್ಲೇ ಉಳಿಯುವಂತೆ ಮಾಡಿದೆವು. 2009ರಲ್ಲಿ ಸೀಕಾಮ್, ಟೀಮ್ಸ್ ಎಂಬ ಸಮುದ್ರದಡಿಯ ತಂತಿಗಳು ಮೊಂಬಾಸಾಕ್ಕೆ ಬರುವ ಮೊದಲು, ಕೀನ್ಯಾದವರು ಉಪಗ್ರಹವನ್ನು ನಂಬಿ ಕೂರಬೇಕಾಗಿತ್ತಂತೆ. ನಮಗೆ ಮಧ್ಯಾಹ್ನದೊಳಗೆ ಎಲ್ಲ ಇಳಿದಿತ್ತು. ಸಮಯ ಉಳಿಯಲೆಂದು, ಎಲ್ಲ ಯಂತ್ರಗಳೂ ಮೊದಲು ಜಾಲವನ್ನೇ ಕೇಳಿ ಏಳುವಂತೆ ಒಂದೇ ಸುತ್ತಿನಲ್ಲಿ ಬದಲಾಯಿಸಿಬಿಟ್ಟೆವು. ಮೊದಲ ಯಂತ್ರ ಅರ್ಧ ಗಂಟೆಯಲ್ಲಿ ಲಿನಕ್ಸ್ ಆಗಿ ಎದ್ದು ಕೂತಾಗ ಹುಡುಗರು ಚಪ್ಪಾಳೆ ತಟ್ಟಿದರು. ಚಹಾ ಕಾಸುತ್ತಿದ್ದ ಮ್ಜೇ ಮಾತ್ರ "ಹರಾಕಾ ಹರಾಕಾ ಹೈನಾ ಬರಾಕಾ" ಎಂದರು. ಅವಸರದಲ್ಲಿ ಬರಕತ್ತಿಲ್ಲ ಎಂದರ್ಥ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮವರೂ ಹೇಳಿದ್ದಾರೆ. ನಾವು ನಕ್ಕು ಚಹಾ ಕುಡಿದೆವು.

ಸಂಜೆಯೊಳಗೆ ಹತ್ತು ಯಂತ್ರ ಮುಗಿದವು. ಮುಗಿದದ್ದು ಮತ್ತೆ ಊಟಕ್ಕೆ ಕೂರದಿರಲೆಂದು, ಒಂದೊಂದನ್ನೂ ತನ್ನ ಡಿಸ್ಕಿನಿಂದಲೇ ಏಳುವಂತೆ ಹಿಂದಕ್ಕೆ ತಿರುಗಿಸಿದೆವು. ಉಳಿದವು ಎರಡು. ಒಂದು ಯಂತ್ರಕ್ಕೆ ಜೋಡಿಸಿದ ಉಪಕರಣದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದು. ಅದರ ಜಾಲದ ತಂತಿಯನ್ನು ಕಿತ್ತು ಹಾಗೆಯೇ ಬಿಟ್ಟೆವು. ಇನ್ನೊಂದು ಫ್ಲೋರೈಡ್ ಅಳೆಯುವ ಮೀಟರಿನದು. ಅದರಲ್ಲಿದ್ದ ದಾಖಲೆಗಳಿಗೆ 2023ರ ಕೊನೆಯವರೆಗಿನ ಪ್ರತಿ ಮಾತ್ರ ನಮ್ಮ ಹತ್ತಿರವಿತ್ತು. ಮಿಕ್ಕ ಎರಡು ವರ್ಷದ್ದನ್ನು ನಾಳೆ ಬೆಳಿಗ್ಗೆ ಅರ್ಧ ಗಂಟೆ ಬಂದು ಪ್ರತಿ ಮಾಡಿಕೊಂಡರಾಯಿತು, ಆಮೇಲೆ ಕೋಸಂಬರಿಗೆ ಸಾಕಷ್ಟು ಸಮಯವಿದೆ ಎಂದುಕೊಂಡು ಬೀಗ ಹಾಕಿ ಮನೆಗೆ ಬಂದೆವು.

ಆ ರಾತ್ರಿ ಮಳೆ ಬಂತು, ಕರೆಂಟು ಹೋಯಿತು, ಮತ್ತೆ ಬಂತು. ಬ್ಯಾಟರಿಯ ಮೇಲಿದ್ದ ಮೇಲ್ವಿಚಾರಕ ಯಂತ್ರ ಎಚ್ಚರವಾಗಿಯೇ ಇತ್ತು. ಫ್ಲೋರೈಡ್ ಯಂತ್ರವನ್ನು, ಕರೆಂಟು ಬಂದೊಡನೆ ತಾನೇ ಏಳುವಂತೆ ಎಂದೋ ಇಟ್ಟಿದ್ದೆವು. ಅದು ಎದ್ದಿತು. ಮೊದಲು ಜಾಲವನ್ನು ಕೇಳಬೇಕೆಂದು ಬೆಳಿಗ್ಗೆ ನಾವೇ ಹೇಳಿಕೊಟ್ಟಿದ್ದೆವಲ್ಲ, ಕೇಳಿತು. ಮೇಲ್ವಿಚಾರಕ ಹತ್ತು ಸೆಕೆಂಡು ಕಾದು, ಯಾರೂ ಬೇಡವೆನ್ನದ ಕಾರಣ ಬಡಿಸತೊಡಗಿತು. ಡಿಸ್ಕನ್ನು ಪೂರ್ತಿ ಅಳಿಸಲೇ ಎಂಬ ಪ್ರಶ್ನೆಗೆ ಉತ್ತರ ನಾವು ಬರೆದಿಟ್ಟ ಕಡತದಲ್ಲೇ ಇತ್ತು: ಹೌದು.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಆ ಯಂತ್ರ ಹೊಸ ಮದುವಣಗಿತ್ತಿಯ ಹಾಗೆ ಡೆಬಿಯನ್ನಿನ ನೀಲಿ ತೆರೆ ಹೊತ್ತು ನಮ್ಮ ಹೆಸರು ಕೇಳುತ್ತಾ ಕೂತಿತ್ತು. ನಮಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಯಾವ ಯಂತ್ರವೂ ತಪ್ಪು ಮಾಡಿರಲಿಲ್ಲ. ಹೇಳಿದ್ದನ್ನು ಅಕ್ಷರಶಃ ಮಾಡಿದ್ದವು. ಮುಗಿದ ಹತ್ತಕ್ಕೆ ತೋರಿಸಿದ ಎಚ್ಚರವನ್ನು, ಮುಟ್ಟದೆ ಬಿಟ್ಟ ಒಂದಕ್ಕೆ ತೋರಿಸದೆ ಹೋದವರು ನಾವೇ. ಅಳಿದ ಡಿಸ್ಕಿನಿಂದ ಕಡತ ಹೆಕ್ಕುವ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಹಿಡಿದು ಸಂಜೆಯವರೆಗೂ ಕೆದಕಿದೆವು. ಸಿಕ್ಕಿದ್ದು ಚೂರುಪಾರು. ನೀವೆಲ್ಲ ಬಿಸಿಬೇಳೆಭಾತ್ ಉಣ್ಣುತ್ತಿದ್ದ ಹೊತ್ತಿನಲ್ಲಿ ನಾವು ಎಷ್ಟು ಊರುಗಳಿಗೆ ಕಾಗದ ಬರೆದು ಕ್ಷಮೆ ಕೇಳಬೇಕೆಂದು ಲೆಕ್ಕ ಹಾಕುತ್ತಿದ್ದೆವು.

ಸೋಮವಾರ ಮ್ಜೇ ಬಂದರು. ಸಂಗತಿ ಕೇಳಿ ಏನೂ ಅನ್ನಲಿಲ್ಲ. ತಮ್ಮ ಬೀರುವಿನಿಂದ ದಪ್ಪ ರಟ್ಟಿನ ಎರಡು ರಿಜಿಸ್ಟರುಗಳನ್ನು ತಂದು ಮೇಜಿನ ಮೇಲಿಟ್ಟು, "ಪೋಲೆ, ದಕ್ತಾರಿ" ಎಂದರು. ಪಾಪ, ಹೋಗಲಿ ಬಿಡಿ ಎಂಬಂಥ ಮಾತು ಅದು. 2024ರ ಜನವರಿಯಿಂದ ಒಂದು ದಿನವೂ ಬಿಡದೆ, ನೀಲಿ ಶಾಯಿಯಲ್ಲಿ, ಮಾದರಿಯ ಸಂಖ್ಯೆ, ಊರು, ಉಷ್ಣತೆ, ಮೀಟರು ತೋರಿಸಿದ ಮಿಲಿವೋಲ್ಟು, ಮತ್ತು ಆ ದಿನದ ಪ್ರಮಾಣದ್ರಾವಣಗಳು ತೋರಿಸಿದ ಮಿಲಿವೋಲ್ಟು ಎಲ್ಲವೂ ಇದ್ದವು. ಕಂಪ್ಯೂಟರಿರುವಾಗ ಇದೇಕೆಂದು ಹುಡುಗರು ಅವರನ್ನು ಹಾಸ್ಯ ಮಾಡುತ್ತಿದ್ದುದುಂಟು. ನಾವೂ ತಡೆದಿರಲಿಲ್ಲ, ಒಮ್ಮೊಮ್ಮೆ ನಕ್ಕೂ ಇದ್ದೆವು.

ಮಿಲಿವೋಲ್ಟು ಇದ್ದರೆ ರಸಾಯನಶಾಸ್ತ್ರಜ್ಞನಿಗೆ ಎಲ್ಲ ಇದ್ದಂತೆ. ಲ್ಯಾಂಥನಮ್ ಫ್ಲೋರೈಡಿನ ಹರಳುಳ್ಳ ಆ ವಿದ್ಯುದಗ್ರ 25 ಡಿಗ್ರಿಯಲ್ಲಿ, ಫ್ಲೋರೈಡ್ ಹತ್ತರಷ್ಟು ಬದಲಾದರೆ ಸುಮಾರು 59 ಮಿಲಿವೋಲ್ಟು ಬದಲಾಗುತ್ತದೆ. ಪ್ರಮಾಣದ್ರಾವಣಗಳ ಅಳತೆ ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಲೆಕ್ಕ. ರಿಜಿಸ್ಟರಿನ ಪುಟಗಳ ಫೋಟೋ ತೆಗೆದು ಮನೆಗೆ ತಂದೆವು. ಕ್ರಿಸ್ಮಸ್ ರಜೆಯುದ್ದಕ್ಕೂ ನಮ್ಮ ಯಜಮಾನರು ಅಂಕಿಗಳನ್ನು ಗಟ್ಟಿಯಾಗಿ ಓದುವುದು, ನಾವು ಲಿನಕ್ಸಿನ ಲಿಬ್ರೆ ಆಫೀಸಿನಲ್ಲಿ ತುಂಬಿಸುವುದು, ಎಂಟು ವರ್ಷದ ಮಗಳು ಪಕ್ಕದಲ್ಲಿ ಕೂತು ತಪ್ಪು ಹಿಡಿಯುವುದು. ಓದುತ್ತಿದ್ದುದು ಕನ್ನಡದಲ್ಲಿ. ಇಪ್ಪತ್ತೊಂಬತ್ತರ ಮುಂದೆ ತಡವರಿಸುತ್ತಿದ್ದ ಹುಡುಗಿ ಈಗ ನೂರಾ ಎಪ್ಪತ್ತಾರನ್ನು ನಿಲ್ಲದೆ ಹೇಳುತ್ತಾಳೆ.

ಹೀಗೆ ತುಂಬಿಸುವಾಗ ಒಂದು ಸಾಲು ನಮ್ಮನ್ನು ತಡೆದು ನಿಲ್ಲಿಸಿತು. ರಿಫ್ಟ್ ಕಣಿವೆಯ ಒಂದು ಶಾಲೆಯ ಬೋರ್‌ವೆಲ್ಲಿಗೆ 2024ರಲ್ಲಿ ನಾವು ಕೊಟ್ಟ ವರದಿ 1.4, ಅಂದರೆ ಮಿತಿಯೊಳಗೆ. ಮ್ಜೇಯವರ ಅಂಕಿಗಳಿಂದ ಲೆಕ್ಕ ಹಾಕಿದರೆ 1.7 ಬರುತ್ತಿತ್ತು. ಮೂರು ಸಲ ಮಾಡಿದೆವು, ಅದೇ ಬಂತು. ಆ ದಿನದ ಪ್ರಮಾಣದ್ರಾವಣದ ಅಳತೆ ಹಿಂದಿನ ದಿನಕ್ಕಿಂತ ಐದು ಮಿಲಿವೋಲ್ಟು ಸರಿದಿತ್ತು. ಹಳೆಯ ತಂತ್ರಾಂಶ ಯಾವುದೋ ಕಾರಣಕ್ಕೆ ಅದನ್ನು ಒಪ್ಪದೆ, ನಮಗೊಂದು ಮಾತೂ ಹೇಳದೆ, ಹಿಂದಿನ ದಿನದ್ದನ್ನೇ ಬಳಸಿಕೊಂಡಿತ್ತು. ಅದರ ಒಳಗೆ ಏನು ನಡೆಯುತ್ತದೆಂದು ನೋಡುವ ದಾರಿ ನಮಗಿರಲಿಲ್ಲ. ನಿಜ ಹೇಳಬೇಕೆಂದರೆ, ನೋಡಬೇಕೆಂದು ನಮಗೆ ಅನ್ನಿಸಿಯೂ ಇರಲಿಲ್ಲ. ಡಿಸ್ಕು ಅಳಿಯದಿದ್ದರೆ ಈ ತಪ್ಪು ಇಂದಿಗೂ ಅಲ್ಲಿಯೇ ಕೂತಿರುತ್ತಿತ್ತು, ಮಕ್ಕಳು ಕುಡಿಯುತ್ತಲೇ ಇರುತ್ತಿದ್ದರು.

ಜನವರಿಯಲ್ಲಿ ನಾವೂ ಮ್ಜೇಯವರೂ ಆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಮುಂದೆ ನಡೆದದ್ದನ್ನು ಹೇಳಿ ಹೊಸದಾಗಿ ನೀರು ತಂದೆವು. 1.7 ಸರಿಯೆಂದು ತಿಳಿಯಿತು. ಈಗ ಆ ನೀರು ತೊಳೆಯುವುದಕ್ಕೆ ಮಾತ್ರ. ಕುಡಿಯುವುದಕ್ಕೆ ಛಾವಣಿಯ ಮಳೆನೀರು. ಮುಖ್ಯೋಪಾಧ್ಯಾಯರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಿಂದಿರುಗುವ ದಾರಿ ಅಷ್ಟು ದೀರ್ಘವೆನಿಸುತ್ತಿರಲಿಲ್ಲ. ಈಗ ನಮ್ಮ ಲೆಕ್ಕವೆಲ್ಲ ಯಾರು ಬೇಕಾದರೂ ತೆರೆದು ನೋಡಬಹುದಾದ ಸರಳ ಕಡತದಲ್ಲಿದೆ. ಅದರ ಪ್ರತಿ ಮೂರು ಕಡೆ ಇದೆ. ಮ್ಜೇಯವರ ರಿಜಿಸ್ಟರು ನಾಲ್ಕನೆಯದು. ಹೊಸ ರಿಜಿಸ್ಟರು, ನೀಲಿ ಶಾಯಿಯ ಖರ್ಚು ಲ್ಯಾಬಿನದು. ಹುಡುಗರೂ ಸರದಿಯಲ್ಲಿ ಬರೆಯುತ್ತಾರೆ. ಮೇಲ್ವಿಚಾರಕ ಯಂತ್ರ ಈಗ ಹತ್ತು ಸೆಕೆಂಡು ಕಾದು ಬಡಿಸುವುದಿಲ್ಲ. ಮನುಷ್ಯನೊಬ್ಬ ಎದುರಿಗೆ ಕೂತು ಹೂಂ ಎನ್ನುವವರೆಗೆ ಸುಮ್ಮನಿರುತ್ತದೆ.

ನಿಮ್ಮ ಮನೆಯ ಮೂಲೆಯಲ್ಲೂ, ಇನ್ನು ಉಪಯೋಗವಿಲ್ಲವೆಂದು ಧೂಳು ಹಿಡಿಯುತ್ತಿರುವ ಕಂಪ್ಯೂಟರು ಇರಬಹುದು. ಬಿಸಾಡಬೇಡಿ. ಸಂಘದ ಕನ್ನಡ ತರಗತಿಯ ಮಕ್ಕಳಿಗೆ ಐದಾರು ಸಿಕ್ಕಿದರೂ ಸಾಕು. ಲಿನಕ್ಸಿನಲ್ಲಿ ಕನ್ನಡದ ಕಗಪ ಕೀಲಿಮಣೆ ಜೊತೆಯಲ್ಲೇ ಬರುತ್ತದೆ, ಈ ಲೇಖನವನ್ನು ಬರೆದದ್ದೂ ಅದರಲ್ಲೇ. ಯಾವುದಾದರೂ ಭಾನುವಾರ ನಾವು ಬಂದು ಹಾಕಿಕೊಡುತ್ತೇವೆ. ಆದರೆ ತರುವ ಮೊದಲು, ಅದರೊಳಗಿರುವ ಮದುವೆಯ ಫೋಟೋ, ಅಮ್ಮನ ಅಡುಗೆಯ ಚೀಟಿ, ಮಗುವಿನ ಮೊದಲ ಮಾತು, ಏನಿದ್ದರೂ ಬೇರೆ ಕಡೆ ತೆಗೆದಿಟ್ಟುಕೊಂಡು ಬನ್ನಿ. ನಾಳೆ ಬೆಳಿಗ್ಗೆ ಮಾಡಿಕೊಂಡರಾಯಿತು ಎನ್ನಬೇಡಿ.

ಬಾಕಿಯಿರುವ ಕೋಸಂಬರಿಯನ್ನು ಯುಗಾದಿ ಕೂಟಕ್ಕೆ ತಪ್ಪದೆ ತರುತ್ತೇವೆ. ಬೇಳೆಯನ್ನು ಈ ಸಲ ಯಜಮಾನರು ನೆನೆಸುತ್ತಾರೆ.