ಕಲಾವಿಭಾಗದಲ್ಲಿ ಜೀವಶಾಸ್ತ್ರ

ಕಾಲೇಜುಗಳಲ್ಲಿ ಜೀವಶಾಸ್ತ್ರದ ಪಾಠಕ್ಕೆ ಬರುವವರು ಎರಡು ಬಗೆಯವರು. ವೈದ್ಯರೋ ಪಶುವೈದ್ಯರೋ ಆಗಬೇಕೆಂದು ಬರುವವರು ಒಂದು ಬಗೆ; ಇತಿಹಾಸವನ್ನೋ ಕನ್ನಡವನ್ನೋ ವಾಣಿಜ್ಯವನ್ನೋ ಆರಿಸಿಕೊಂಡು, ನಿಯಮವಿದೆಯೆಂಬ ಕಾರಣದಿಂದ ಒಂದು ಪತ್ರಿಕೆಯ ಮಟ್ಟಿಗೆ ಬಂದು ಕುಳಿತುಕೊಳ್ಳುವವರು ಇನ್ನೊಂದು ಬಗೆ. ಮೊದಲನೆಯವರ ವಿಷಯದಲ್ಲಿ ಎಲ್ಲರಿಗೂ ಆಸ್ಥೆಯುಂಟು. ಎರಡನೆಯವರನ್ನು ಕುರಿತು ಯೋಚಿಸುವವರು ವಿರಳ. ಆದರೆ ಬೀದರ, ಭಾಲ್ಕಿ, ಔರಾದಗಳ ಬಿ.ಎ., ಬಿ.ಕಾಂ. ತರಗತಿಗಳಿಂದ ಹೊರಬೀಳುವವರೇ ನಾಳೆ ಶಾಲೆಯ ಮಾಸ್ತರರು, ಪಂಚಾಯತಿಯ ಸದಸ್ಯರು, ಮನೆಯ ಯಜಮಾನರು, ಅತ್ತೆಸೊಸೆಯರು.

ನಿಯಮವೇನೋ ಉಂಟು. ಎಂ. ಸಿ. ಮೆಹ್ತಾ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗಾಗಿ ಆರು ತಿಂಗಳ ಪಠ್ಯವೊಂದನ್ನು ಸಿದ್ಧಪಡಿಸಿತು. ಬಾಗಿಲು ತೆರೆಯಿತು. ಆದರೆ ಒಳಗೆ ಬಂದವನ ಮುಂದೆ ಸುರಿಯುವುದು ಪಾರಿಭಾಷಿಕ ಶಬ್ದಗಳ ರಾಶಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಈ ಗಡಿನಾಡಿನ ಹುಡುಗನಿಗೆ 'ದ್ಯುತಿಸಂಶ್ಲೇಷಣೆ'ಯೆಂಬುದು ನಾಲ್ಕನೆಯ ಭಾಷೆಯೇ ಸರಿ. ಎಲೆಯು ಬಿಸಿಲಿನ ಬಲದಿಂದ ಗಾಳಿ ನೀರುಗಳನ್ನು ಆಹಾರವಾಗಿ ಮಾಡಿಕೊಳ್ಳುತ್ತದೆಂಬುದು ಮೊದಲು ಮನಸ್ಸಿಗೆ ಹತ್ತಲಿ. ಹೆಸರು ಹಿಂದಿನಿಂದ ಬಂದರೆ ನಷ್ಟವೇನು?

ಇದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಬೀದರವು ನಿಜಾಮರ ಸಂಸ್ಥಾನದೊಳಗಿದ್ದ ಕಾಲದಲ್ಲಿ, ೧೮೯೭ರ ಆಗಸ್ಟ್ ೨೦ರಂದು, ಅದೇ ಸಂಸ್ಥಾನದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡನು. ಆತನು ಕವಿತೆಗಳನ್ನೂ ಬರೆಯುತ್ತಿದ್ದವನು. ಆ ಸೊಳ್ಳೆಯ ಶಾಸ್ತ್ರೀಯ ನಾಮವು ಅವನಿಗೆ ತಿಳಿದಿರಲಿಲ್ಲ. ರೆಕ್ಕೆಯ ಮೇಲೆ ಮಚ್ಚೆಯುಳ್ಳದ್ದೆಂದು ಗುರುತಿಟ್ಟುಕೊಂಡಿದ್ದನು, ಅಷ್ಟೆ. ಪಾಪನಾಶ ಕೆರೆಯ ಅಂಚಿನಿಂದಲೋ ಹಿತ್ತಲ ತೊಟ್ಟಿಯಿಂದಲೋ ಒಂದು ಲೋಟ ನೀರು ತಂದಿಟ್ಟರೆ ಇತಿಹಾಸದ ವಿದ್ಯಾರ್ಥಿಯೂ ಅದೇ ಬಗೆಯ ಗುರುತು ಹಿಡಿಯಬಲ್ಲನು. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ ಮರಿ ಮಲೇರಿಯಾ ಸೊಳ್ಳೆಯ ಜಾತಿಯದು. ತಲೆ ಕೆಳಗಾಗಿ ಓರೆಯಾಗಿ ತೂಗುವುದು ಬೇರೆಯ ಜಾತಿಯದು.

ಔರಾದದ ಕಡೆಯ ಹುಡುಗರಿಗಂತೂ ಹೊಲವೇ ಪ್ರಯೋಗಶಾಲೆ. ಹಿಂಗಾರಿನ ಜೋಳದ ಬೇರನ್ನೂ ಮುಂಗಾರಿನ ಸೋಯಾ ಅಥವಾ ಉದ್ದಿನ ಬೇರನ್ನೂ ಮಣ್ಣು ತೊಳೆದು ನೋಡಿದರೆ, ಕಾಳಿನ ಗಿಡದ ಬೇರಿನಲ್ಲಿ ಮಾತ್ರ ಸಣ್ಣ ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ, ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆಯೆಂದು ತಿಳಿಯಬೇಕು. ಆ ಕೆಂಪು, ನಮ್ಮ ನೆತ್ತರಿನ ಕೆಂಪಿಗೆ ಹತ್ತಿರದ ಸಂಬಂಧಿ, ಎರಡರಲ್ಲಿಯೂ ಕಬ್ಬಿಣವಿದೆ. ಜೋಳದ ಹೊಲದಲ್ಲಿ ಕಾಳನ್ನು ಬದಲಿಸಿ ಬಿತ್ತುತ್ತಿದ್ದ ಅಜ್ಜನ ರೂಢಿಗೆ ಮೊಮ್ಮಗನು ಕಾರಣ ಹೇಳಬಲ್ಲವನಾಗುತ್ತಾನೆ. ಸೂಕ್ಷ್ಮದರ್ಶಕವಿಲ್ಲವೆಂಬ ನೆಪ ಇಲ್ಲಿ ನಿಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದ ಪಾಠ ಇನ್ನೊಂದುಂಟು. ಹೆಣ್ಣನ್ನೇ ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳು ಇಂದಿಗೂ ಇಲ್ಲದಿಲ್ಲ. ಗರ್ಭದ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ೧೯೯೪ರಲ್ಲಿಯೇ ಬಂದಿತು. ಹಳಿಯುವ ನಾಲಿಗೆ ಮಾತ್ರ ಇನ್ನೂ ನಿಂತಿಲ್ಲ. ತಾಯಿಯ ಅಂಡದಲ್ಲಿರುವುದು ಎಕ್ಸ್ ಎಂಬ ವರ್ಣತಂತು ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧಕ್ಕೆ ಎಕ್ಸ್, ಉಳಿದರ್ಧಕ್ಕೆ ವೈ. ಯಾವುದು ಬಂದು ಕೂಡಿತೋ ಅದರಂತೆ ಹೆಣ್ಣು ಅಥವಾ ಗಂಡು. ಇದರ ಮೂಲಸೂತ್ರವನ್ನು ೧೯೦೫ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿಯು ಕಂಡುಕೊಂಡದ್ದು ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನಲ್ಲಿ! ಹಾಗೆಂದು ಹೊರೆಯನ್ನು ಸೊಸೆಯ ತಲೆಯಿಂದಿಳಿಸಿ ಮಗನ ತಲೆಗೇರಿಸುವುದೂ ಸಲ್ಲದು. ಆತನಿಗೂ ಆರಿಸುವ ಅಧಿಕಾರವಿಲ್ಲ.

ಈ ಪುಟ ಬಂದೊಡನೆ 'ಮನೆಯಲ್ಲಿ ಓದಿಕೊಳ್ಳಿರಿ' ಎಂದು ಹಾಳೆ ಮಗುಚುವ ಅಧ್ಯಾಪಕರುಂಟು. ಸಂಕೋಚವು ಸಹಜ; ಆದರೆ ಓದಿಕೊಳ್ಳಬೇಕಾದ ಮನೆ ಯಾವುದು? ಸೊಸೆಯನ್ನು ಹಳಿಯುತ್ತಿರುವ ಮನೆಯೇ ಅಲ್ಲವೆ? ವಿಜ್ಞಾನದ ಹುಡುಗನು ಇದನ್ನು ಮುಂದೆ ಬೇರೆ ಪುಸ್ತಕದಲ್ಲಾದರೂ ಓದಿಯಾನು. ಕಲಾವಿಭಾಗದವರಿಗೆ ಈ ಗಂಟೆ ತಪ್ಪಿದರೆ ಇನ್ನೊಂದು ಗಂಟೆಯಿಲ್ಲ.

ಸಾಲಾಗಿ ಮೂರು ಹೆಣ್ಣುಮಕ್ಕಳಾದ ಮನೆಯಲ್ಲಿ ನಾಲ್ಕನೆಯದು ಗಂಡಾಗುವ ಸಂಭವವೆಷ್ಟೆಂದು ಕೇಳಿದರೆ, 'ಇನ್ನು ಗಂಡೇ' ಎನ್ನುವವರು ಕೆಲವರು, 'ಅವಳಿಗೆ ಹೆಣ್ಣೇ' ಎನ್ನುವವರು ಕೆಲವರು. ಆಗ ಒಬ್ಬೊಬ್ಬರ ಕೈಗೂ ಒಂದು ರೂಪಾಯಿಯ ನಾಣ್ಯವನ್ನು ಕೊಟ್ಟು ಚಿಮ್ಮಲು ಹೇಳಬೇಕು. ಮೂರು ಸಲ ಒಂದೇ ಮುಖ ಬಿದ್ದವರೆಲ್ಲ ಎದ್ದು ನಿಂತು ನಾಲ್ಕನೆಯ ಸಲ ಚಿಮ್ಮಲಿ. ಬಿದ್ದದ್ದನ್ನು ಹಲಗೆಯ ಮೇಲೆ ಬರೆಯುತ್ತ ಹೋಗಲಿ. ನಾಲ್ಕಾರು ತರಗತಿಗಳ ಲೆಕ್ಕ ಕೂಡಿದಾಗ ಎರಡು ಸಾಲುಗಳೂ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತವೆ. ಈ ಲೆಕ್ಕವನ್ನು ವಾಣಿಜ್ಯದ ವಿದ್ಯಾರ್ಥಿಗಳು ಎಲ್ಲರಿಗಿಂತ ಮೊದಲು ಹಿಡಿಯುತ್ತಾರೆ.