ಕಾರಿನ ಸುಯಿಲು

ಕಾರು ಕೊಳ್ಳಹೊರಟವರು ಮೊದಲು ಅದರ ಬಣ್ಣವನ್ನು ವಿಚಾರಿಸುತ್ತಾರೆ. ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡೀತೆಂದು ಕೇಳುತ್ತಾರೆ. ಮದುವೆಗೆ ಹೊರಟ ಸಂಸಾರದ ಪೆಟ್ಟಿಗೆಗಳೆಲ್ಲ ಡಿಕ್ಕಿಯಲ್ಲಿ ಹಿಡಿಸುವುವೆ ಎಂದು ಬಗ್ಗಿ ನೋಡುತ್ತಾರೆ. ಅದರೊಳಗೆ ಕುಳಿತು ನಾಲ್ಕು ಮಾತನಾಡಲು ಸಾಧ್ಯವೆ ಎಂದು ಕೇಳುವವರು ವಿರಳ. ಊರೊಳಗಿನ ಬೀದಿಗಳಲ್ಲಿ ಓಡಿಸಿ ನೋಡಿದರೆ ಈ ಪ್ರಶ್ನೆ ಏಳುವುದೂ ಇಲ್ಲ. ಬೆಂಗಳೂರಿನ ಸಂದಣಿಯಲ್ಲಿ ಆಮೆಯ ನಡಿಗೆಯಿಂದ ಸಾಗುವ ಕಾರಿಗೆ ಗಾಳಿಯ ಪರಿಚಯವೇ ಆಗುವುದಿಲ್ಲ. ನೆಲಮಂಗಲವನ್ನು ದಾಟಿ ವೇಗ 80 ಕಿಲೋಮೀಟರನ್ನು ಮೀರಿದ ಮೇಲೆಯೇ ಗಾಳಿಯು ತಾನೂ ಒಬ್ಬ ಪ್ರಯಾಣಿಕನೆಂದು ಹೇಳಿಕೊಂಡು ಒಳಗೆ ಬಂದು ಕುಳಿತುಬಿಡುತ್ತದೆ.

ನಮ್ಮ ಕಾರು ಇನ್ನೊಬ್ಬರ ಕೈಯಿಂದ ಬಂದದ್ದು. ವಯಸ್ಸು ಹತ್ತು ವರ್ಷ. ಅಧ್ಯಾಪಕನ ಸಂಬಳಕ್ಕೆ ಒಪ್ಪುವಂಥದು. ತಿಂಗಳಿಗೊಮ್ಮೆ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾವಣಗೆರೆಯ ಕಡೆಯ ನಮ್ಮ ಹಳ್ಳಿಗೆ ಹೋಗಿಬರುತ್ತೇನೆ. ತಂದೆಯವರಿಗೆ 74 ವರ್ಷ. ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಮೇಷ್ಟರು. ಎರಡು ಕಿವಿಗೂ ಶ್ರವಣಯಂತ್ರವುಂಟು. ಮುಪ್ಪಿನಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳನ್ನು ನಾವು ಗುರುತಿಸುವುದು ಬಹುಮಟ್ಟಿಗೆ ಆ ಸ್ವರಗಳಿಂದಲೇ. ಬಾಗಿಲ ಸಂದಿನಲ್ಲಿ ನುಸುಳುವ ಗಾಳಿಯ ಸುಯಿಲೂ ಅದೇ ನೆಲೆಯದು. ಯಂತ್ರವು ಮಾತನ್ನು ಹಿಗ್ಗಿಸುವಾಗ ಸುಯಿಲನ್ನೂ ಕೂಡಿಸಿಯೇ ಹಿಗ್ಗಿಸುತ್ತದೆ. ಶಿರಾ ಸಮೀಪಿಸುವಾಗ ನಾನು, “ಹಸಿವೆಯೆ?” ಎಂದು ಕೇಳಿದರೆ ಅವರು, “ಹರಿವೆಯೆ? ಊರ ಸಂತೆಯಲ್ಲಿ ಕೊಂಡರಾಯಿತು” ಎನ್ನುವರು. ಇಬ್ಬರೂ ನಗುತ್ತಿದ್ದೆವು. ಆದರೆ ಇಂಥ ನಗೆ ಮೂರು ನಾಲ್ಕು ಬಾರಿ ಆದ ಮೇಲೆ ಮುದುಕರು ಮಾತನ್ನೇ ನಿಲ್ಲಿಸಿಬಿಡುತ್ತಾರೆ. ತಂದೆಯವರು ಯಂತ್ರಗಳನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡು, ಮುಂದಿನ ಇನ್ನೂರು ಕಿಲೋಮೀಟರು ರಸ್ತೆಯನ್ನೇ ನೋಡುತ್ತ ಕೂರುವುದು ರೂಢಿಯಾಯಿತು. ಈ ಸುಯಿಲನ್ನು ಹುಡುಕಿ ತೆಗೆಯಲೇಬೇಕೆಂದು ನಾನು ಹಟ ತೊಟ್ಟದ್ದು ಆಗ.

ಕಾರ್ಖಾನೆಯೊಂದರ ಯಜಮಾನರು ಸಮಸ್ಯೆಯನ್ನು ಕೇಳಿ, “ಹಳೇ ಗಾಡಿ ಅಲ್ಲವೇ ಸಾರ್, ಗಾಳಿ ಸದ್ದು ಇದ್ದೇ ಇರುತ್ತೆ. ಜೋರಾಗಿ ಹಾಡು ಹಾಕ್ಕೊಳ್ಳಿ” ಎಂದು ಅಪ್ಪಣೆ ಕೊಡಿಸಿದರು. ಕೆಮ್ಮಿಗೆ ಡೋಲು ಬಾರಿಸುವ ಚಿಕಿತ್ಸೆ ಇದು. ಕನ್ನಡ ಪಾಠ ಹೇಳುವವನಿಗೆ ಶಬ್ದದ ವಿಷಯದಲ್ಲಿ ಇಷ್ಟು ಬೇಗ ಸೋಲೊಪ್ಪುವುದು ತರವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ಗಾಳಿಯಿಂದಲೇ ಆರಂಭಿಸುತ್ತಾನೆ. ಕಹಳೆಯ ಹೋಲಿಕೆಯನ್ನೂ ಕೊಡುತ್ತಾನೆ. ಗಾಳಿಯು ಬಯಲಿನಲ್ಲಿ ಸುಮ್ಮನೆ ಹರಿದುಹೋಗುತ್ತದೆ. ದಾರಿ ಕಿರಿದಾದಲ್ಲಿ, ಅಂಚು ತಾಗಿದಲ್ಲಿ, ಟೊಳ್ಳು ಸಿಕ್ಕಿದಲ್ಲಿ ದನಿಗೈಯುತ್ತದೆ. ಕೊಳಲಿಗೂ ಕಾರಿಗೂ ನಿಯಮ ಒಂದೇ.

ಈ ನಿಯಮಕ್ಕೆ ವಿಜ್ಞಾನಿಗಳು ಲೆಕ್ಕವನ್ನು ಕೂಡಿಸಿದ್ದಾರೆ. ಕಾರಿನ ಮೈಗೆ ತಾಗಿ ಹುಟ್ಟುವ ಗಾಳಿಸದ್ದಿನ ಶಕ್ತಿಯು ಸುಮಾರಾಗಿ ವೇಗದ ಆರನೆಯ ಘಾತದಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ 64 ಮಡಿ. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 18ರಷ್ಟು ಏರಿಕೆ. 50 ಕಿಲೋಮೀಟರಿನಲ್ಲಿ ಪಿಸುಗುಟ್ಟುವ ಸಂದು 100ರಲ್ಲಿ ಎಂಜಿನನ್ನೇ ಮೀರಿಸುವುದು ಹೀಗೆ. 1878ರಲ್ಲಿ ಸ್ಟ್ರೌಹಾಲ್ ಎಂಬ ಜೆಕ್ ಭೌತವಿಜ್ಞಾನಿಯು ಗಾಳಿಯಲ್ಲಿ ಹಾಡುವ ತಂತಿಯ ಸ್ವರವು ಗಾಳಿಯ ವೇಗವನ್ನೂ ತಂತಿಯ ದಪ್ಪವನ್ನೂ ಅವಲಂಬಿಸಿದೆಯೆಂದು ತೋರಿಸಿಕೊಟ್ಟನು. ಅನೇಕ ಕಾರುಗಳ ಆಂಟೆನಾ ಕಡ್ಡಿಗೆ ಬಳ್ಳಿ ಹಬ್ಬಿದಂತೆ ಒಂದು ಸುರುಳಿಯನ್ನು ಸುತ್ತಿರುವುದು ಅಲಂಕಾರಕ್ಕಲ್ಲ. ಗಾಳಿಯ ಸುಳಿಗಳು ಒಂದೇ ತಾಳದಲ್ಲಿ ಕಳಚಿ ಹಾಡದಿರಲೆಂದು.

ಸದ್ದನ್ನು ಹುಡುಕುವ ಮೊದಲು ಅದಕ್ಕೊಂದು ಹೆಸರು ಬೇಕು. ವ್ಯಾಕರಣದ ಅನುಕರಣಾವ್ಯಯಗಳು ನನಗೆ ಇಲ್ಲಿ ಒದಗಿಬಂದಷ್ಟು ತರಗತಿಯಲ್ಲಿಯೂ ಒದಗಿಲ್ಲ. ಕಾರಿನೊಳಗೆ ಒಂದಲ್ಲ, ಮೂರು ಸದ್ದುಗಳಿದ್ದುವು. ಮೊದಲನೆಯದು ‘ಸುಯ್’ ಎಂದು ಎಡೆಬಿಡದೆ ಹರಿಯುವುದು. ಇದು ಸಾಮಾನ್ಯವಾಗಿ ರಬ್ಬರು ಪಟ್ಟಿ ಸರಿಯಾಗಿ ಒತ್ತದೆ ಗಾಳಿ ಸೋರುವ ಗುರುತು. ಎರಡನೆಯದು ‘ಕುಯ್’ ಎಂಬ ಸಿಳ್ಳೆ; ಇದು ಯಾವುದೋ ತೆಳ್ಳನೆಯ ಅಂಚಿನ ಕೆಲಸ. ಮೂರನೆಯದು ‘ದಬದಬ’ ಎಂದು ಕಿವಿದೆರೆಯನ್ನು ತಟ್ಟುವುದು. ಇದು ಹಿಂದಿನ ಕಿಟಕಿಯೊಂದನ್ನೇ ತೆರೆದಾಗ ಮಾತ್ರ ಏಳುತ್ತಿತ್ತು.

ಮೂರನೆಯದಕ್ಕೆ ಕಾಸಿನ ಖರ್ಚಿಲ್ಲದೆ ಪರಿಹಾರ ದೊರೆಯಿತು. ಬರಿಯ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದರೆ ‘ಹೂಂ’ ಎನ್ನುವುದಷ್ಟೆ? ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಟೊಳ್ಳುಗಳ ಅನುರಣನವನ್ನು ವಿವರಿಸಿದ್ದಾನೆ. ಒಂದೇ ಕಿಟಕಿ ತೆರೆದ ಕಾರೂ ಒಂದು ದೊಡ್ಡ ಸೀಸೆಯೇ. ಮುಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದೊಡನೆ ಸೀಸೆಗೆ ಇನ್ನೊಂದು ಬಾಯಿಯಾಗಿ ದಬದಬ ನಿಂತಿತು.

ಉಳಿದೆರಡಕ್ಕೆ ಮನೆಯಂಗಳದಲ್ಲಿಯೇ ಪರೀಕ್ಷೆ ಆರಂಭವಾಯಿತು. ಬಾಗಿಲ ಅಂಚಿನಲ್ಲಿ ಒಂದು ಕಾಗದದ ಪಟ್ಟಿಯನ್ನಿಟ್ಟು, ಬಾಗಿಲು ಮುಚ್ಚಿ, ಮೆಲ್ಲನೆ ಎಳೆಯಬೇಕು. ಬಿಗಿಯಾಗಿ ಬಂದರೆ ರಬ್ಬರು ಒತ್ತುತ್ತಿದೆ. ಸಲೀಸಾಗಿ ಜಾರಿದರೆ ಅಲ್ಲಿ ಸಂದಿದೆ. ಅಂಗುಲ ಅಂಗುಲವಾಗಿ ನಾಲ್ಕು ಬಾಗಿಲನ್ನೂ ಸುತ್ತಿದೆ. ಎಡ ಮುಂಬಾಗಿಲ ಮೇಲಿನ ಹಿಂಮೂಲೆಯಲ್ಲಿ ಕಾಗದ ಬೆಣ್ಣೆಯಲ್ಲಿನ ಕೂದಲಿನಂತೆ ಹೊರಬಂದಿತು. ತಂದೆಯವರು ಕೂರುವ ಜಾಗದ ಬಾಗಿಲು ಅದು. ಆ ಮೂಲೆ ಅವರ ಕಿವಿಗೆ ಒಂದು ಗೇಣು. ರಾತ್ರಿ ನನ್ನ ಪತ್ನಿ ಒಳಗೆ ಕುಳಿತು ಅಂಚಿನುದ್ದಕ್ಕೂ ಟಾರ್ಚು ಹಿಡಿದಳು. ಹೊರಗೆ ನಿಂತ ನನಗೆ ಅದೇ ಮೂಲೆಯಲ್ಲಿ ಬೆಳಕಿನ ಎಳೆಯೊಂದು ಕಾಣಿಸಿತು. ಇದನ್ನು ಕಂಡ ನೆರೆಮನೆಯವರು, “ಏನಾದರೂ ಕಳೆದುಹೋಗಿದೆಯೆ?” ಎಂದು ಕೇಳಿದರು.

ಸಂದೇಹಕ್ಕೆ ಸಾಕ್ಷ್ಯ ಬೇಕಷ್ಟೆ. ಭಾನುವಾರ ಬೆಳಗಿನ ಜಾವ, ಗಾಳಿ ಬೀಸದ ಹೊತ್ತಿನಲ್ಲಿ, ಬಣ್ಣ ಬಳಿಯುವವರು ಉಪಯೋಗಿಸುವ ಕಾಗದದ ಅಂಟುಪಟ್ಟಿಯನ್ನು ಎಡಬದಿಯ ಸಂದುಗಳಿಗೆಲ್ಲ ಹೊರಗಿನಿಂದ ಅಂಟಿಸಿದೆ. ಎಲ್ಲ ಬಾಗಿಲುಗಳಿಗೂ ಅಂಟಿಸಬಾರದು, ಒಳಗಿರುವವರು ಇಳಿಯಬೇಕಲ್ಲವೆ! ಆಸ್ಪತ್ರೆಯಿಂದ ಬಿಡುಗಡೆಯಾದಂತೆ ಕಾಣುತ್ತಿದ್ದ ಕಾರನ್ನು ಪತ್ನಿ ನಡೆಸಿದಳು. ನಾನು ತಂದೆಯವರ ಜಾಗದಲ್ಲಿ, ಒಂದು ಗಜದ ರಬ್ಬರು ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು ಕುಳಿತೆ. ಅದೇ ರಸ್ತೆ, ಅದೇ 90 ಕಿಲೋಮೀಟರು ವೇಗ, ತಂಪುಯಂತ್ರದ ಪಂಕ ಬಂದ್. ಸುಯ್ ಇಲ್ಲ, ಕುಯ್ ಇಲ್ಲ. ಬಳಿಕ ನಿಂತು ನಿಂತು ಒಂದೊಂದೇ ಪಟ್ಟಿಯನ್ನು ಕಿತ್ತು ಮತ್ತೆ ಓಡಿಸಿದೆವು. ಒಮ್ಮೆಗೆ ಎರಡನ್ನು ಕಿತ್ತರೆ ತಪ್ಪಿತಸ್ಥನು ಯಾರೆಂಬುದು ತಿಳಿಯುವುದಿಲ್ಲ. ಕಿಟಕಿಯ ಮೇಲೆ ಮಳೆಹನಿಗೆಂದು ಅಂಟಿಸಿದ್ದ ಪ್ಲಾಸ್ಟಿಕ್ ಸೂರಿನ ಪಟ್ಟಿಯನ್ನು ಕಿತ್ತೊಡನೆ ಸಿಳ್ಳೆ ಮರಳಿತು. ಅದರ ಮುಂದಿನ ತುದಿ ಅಂಟು ಬಿಟ್ಟು ನಾಲಗೆಯಂತೆ ಎದ್ದಿತ್ತು. ಹಿಂಮೂಲೆಯ ಪಟ್ಟಿಯನ್ನು ಕಿತ್ತೊಡನೆ ಸುಯಿಲು ಬಂದಿತು.

ಕಾರಣ ಸರಳವಾಗಿತ್ತು. ಹಿಂದಿನ ಯಜಮಾನರ ಕಾಲದಲ್ಲಿ ಆ ಬಾಗಿಲನ್ನು ಕಳಚಿ ನೆಗ್ಗು ತೆಗೆಸಿದ್ದರು. ಮರಳಿ ಕೂರಿಸುವಾಗ ಅದು ಕೂದಲೆಳೆಯಷ್ಟು ಹೊರಗೆ ನಿಂತಿತ್ತು. ಹತ್ತು ಬೇಸಗೆ ಕಂಡ ರಬ್ಬರು ಒಣಗಿ, ಆ ಎಳೆಯಷ್ಟನ್ನು ತುಂಬಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿತ್ತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೊಸ ಪಟ್ಟಿ ದೊರೆಯಿತು. ಬಾಗಿಲ ಚಿಲಕ ಕಚ್ಚಿಕೊಳ್ಳುವ ಕೊಂಡಿಯ ಸುತ್ತ ಪೆನ್ಸಿಲಿನಿಂದ ಗುರುತು ಬರೆದು, ತಿರುಪುಗಳನ್ನು ಸಡಿಲಿಸಿ, ಒಂದು ಮಿಲಿಮೀಟರು ಒಳಕ್ಕೆ ಸರಿಸಿ ಬಿಗಿದೆ. ರಬ್ಬರಿಗೆ ಸಿಲಿಕೋನ್ ಲೇಪ ತೆಳ್ಳಗೆ ಸವರಿದೆ. ಎಂಜಿನ್ ಎಣ್ಣೆ ಸವರಿದರೆ ಅದು ಉಬ್ಬಿ ಕೆಡುತ್ತದೆ. ಬಾಗಿಲ ತಳದಲ್ಲಿರುವ ಸಣ್ಣ ಕಂಡಿಗಳನ್ನು ಮಾತ್ರ ಯಾರೂ ಮುಚ್ಚಬಾರದು. ಅವು ಮಳೆನೀರು ಇಳಿದುಹೋಗುವ ದಾರಿ, ಮುಚ್ಚಿದರೆ ತುಕ್ಕು ನಿಶ್ಚಯ. ಪ್ಲಾಸ್ಟಿಕ್ ಸೂರನ್ನು ಕಿತ್ತೇ ಹಾಕಿದೆ.

ಕಾರು ನಿಶ್ಶಬ್ದವಾಯಿತೆಂದಲ್ಲ. ಕನ್ನಡಿಗಳ ಸುತ್ತ ಗಾಳಿ ಮೊರೆಯುತ್ತದೆ. ಚಕ್ರಗಳು ರಸ್ತೆಯೊಡನೆ ವಾದಿಸುತ್ತವೆ. ಆದರೆ ಅವು ತಗ್ಗಿನ ದನಿಗಳು. ವ್ಯಂಜನಗಳ ಮೇಲೆ ಬೀಳುವುದಿಲ್ಲ. ಮುಂದಿನ ಪ್ರಯಾಣದಲ್ಲಿ ತಂದೆಯವರು ಶಿರಾ ದಾಟಿದರೂ ಯಂತ್ರಗಳನ್ನು ಜೇಬಿಗೆ ಹಾಕಲಿಲ್ಲ. ಹಿರಿಯೂರಿನಾಚೆ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಣ್ಣಿಗೆ ಬೀಳುವ ಹೊತ್ತಿಗೆ, ತಮ್ಮ ಅಕ್ಕನ ಮಾತು ತೆಗೆದರು. ಅವರಿಗೊಬ್ಬ ಅಕ್ಕನಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ತಮ್ಮನನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಟ್ಟು, ತಾನು ಹೊರಗೆ ಜಗಲಿಯ ಮೇಲೆ ಕುಳಿತು ಪಾಠ ಕೇಳುತ್ತಿದ್ದಳಂತೆ. ಹನ್ನೊಂದನೆಯ ವರ್ಷದಲ್ಲಿ ಜ್ವರ ಬಂದು ಹೋದಳು. “ನನಗಿಂತ ಚೆನ್ನಾಗಿ ಮಗ್ಗಿ ಹೇಳುತ್ತಿದ್ದಳು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳ ಹೆಸರನ್ನು ಹೇಳಿದರು.

ಇದು ಕೂಗಿ ಹೇಳುವ ಸಂಗತಿಯಲ್ಲ. “ಏನಂದಿರಿ?” ಎಂದು ನಾನು ಒಮ್ಮೆ ಕೇಳಿದ್ದರೂ ಅವರು “ಏನಿಲ್ಲ” ಎಂದು ಕೈಯಾಡಿಸಿ ಬಿಡುತ್ತಿದ್ದರು. ಮನೆಯಲ್ಲಿ ಎದುರುಬದುರು ಕುಳಿತಾಗ ಬಾಯಿಗೆ ಬರದ ಮಾತುಗಳು, ಪಕ್ಕಪಕ್ಕದಲ್ಲಿ ಕುಳಿತು ಇಬ್ಬರೂ ರಸ್ತೆಯನ್ನು ನೋಡುತ್ತಿರುವಾಗ ಹೊರಡುತ್ತವೆ. ಹೊರಟಾಗ ಅವುಗಳ ದನಿ ತೀರ ಸಣ್ಣದು. ವಾಚಕರ ಮನೆಯಲ್ಲಿಯೂ ಹಳೆಯ ಕಾರೊಂದು, ಹಿರಿಯರೊಬ್ಬರು ಇದ್ದರೆ, ಬಿಡುವಾದ ಒಂದು ಬೆಳಿಗ್ಗೆ ಕಾಗದದ ಪಟ್ಟಿಯೊಂದನ್ನು ಹಿಡಿದು ಬಾಗಿಲುಗಳ ಸುತ್ತ ನಡೆದು ನೋಡಬಹುದು. ಅರ್ಧ ಗಂಟೆಯ ಕೆಲಸ. ಹಿರಿಯರು ಯಾವ ಕಡೆ ಕೂರುತ್ತಾರೋ ಆ ಬಾಗಿಲಿನಿಂದಲೇ ಮೊದಲುಮಾಡುವುದು ಒಳ್ಳೆಯದು.